ಅನಾಥಾಲಯಕ್ಕೆ ಮಿಷನ್ ಟ್ರಿಪ್ ಹೊರಡೋ ಮುಂಚೆ

ಚರ್ಚ್ ತಂಡದ ಜೊತೆ ಕಾಂಬೋಡಿಯಾದ ಅನಾಥಾಲಯಕ್ಕೆ ಹೊರಟಿದ್ದೀರಾ? ಬೆಳಗ್ಗೆ ಪ್ರಾರ್ಥನೆ, ಆಮೇಲೆ ಗೋಡೆಗೆ ಬಣ್ಣ, ಸಂಜೆ ಬೈಬಲ್ ಕಥೆ, ಫುಟ್‌ಬಾಲ್. (ಅಲ್ಲಿ ಪೇಂಟರ್‌ಗಳಿಲ್ವಾ ಅಂತೀರಾ? ಇದ್ದಾರೆ!)

ಗೇಟು ದಾಟಿದ ಕೂಡಲೇ ಮಕ್ಕಳು ಓಡಿಬಂದು ತಬ್ಬಿಕೊಳ್ತಾರೆ. ಕಣ್ಣು ತುಂಬುತ್ತೆ, ನಿಜ. ಆದರೆ ಗುರುತೇ ಇಲ್ಲದವರಿಗೆ ಮಗು ಹಾಗೆ ಅಂಟಿಕೊಳ್ಳೋದಕ್ಕೆ, ಬಂದವರೆಲ್ಲ ಬಿಟ್ಟುಹೋದ ನೋವೂ ಕಾರಣ ಇರಬಹುದು.

2011ರಲ್ಲಿ ಯುನಿಸೆಫ್ ಹೇಳಿದ್ದು: ಅಲ್ಲಿನ ಅನಾಥಾಲಯಗಳ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಬಡತನ, ಓದಿಸೋ ಆಸೆ, ಅದಕ್ಕೇ ಕಳಿಸಿರ್ತಾರೆ. ಕೆಲವು ಅನಾಥಾಲಯಗಳಂತೂ ದೇಣಿಗೆ ಆಸೆಗೆ ತಾವೇ ಮಕ್ಕಳನ್ನ ತಂದು ತುಂಬ್ತಾವೆ; ಅದನ್ನ ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ಅಂತಲೇ ಗುರುತಿಸಿತು.

ಟಿಕೆಟ್ ಬುಕ್ ಮಾಡೋ ಮುಂಚೆ ಪಾಸ್ಟರ್ ಅವರನ್ನ ಕೇಳಿ: ಈ ಮಕ್ಕಳನ್ನ ಮನೆಗೆ ಸೇರಿಸೋ ಕೆಲಸ ಅಲ್ಲಿ ಯಾರು ಮಾಡ್ತಿದ್ದಾರೆ? ನಮ್ಮ ವಿಮಾನದ ದುಡ್ಡನ್ನ ಅವರಿಗೇ ಕೊಟ್ರೆ ಆಗಲ್ವಾ?