ಕೊಲೆಯಿಲ್ಲದ ಪತ್ತೇದಾರಿ

ನಮ್ಮ ಊರಿನಲ್ಲಿ ಒಂದು ಓದುಗರ ಕೂಟವಿದೆ. ತಿಂಗಳಿಗೊಮ್ಮೆ ಏಳೆಂಟು ಮಂದಿ ಕಲೆತು, ಮೊದಲೇ ಗೊತ್ತುಮಾಡಿದ ಒಂದು ಪುಸ್ತಕದ ವಿಷಯವಾಗಿ ಮಾತನಾಡುವುದು ವಾಡಿಕೆ. ಸಾಮಾನ್ಯವಾಗಿ ಮಾತು ಮುಗಿಯುವ ಹೊತ್ತಿಗೆ ಎಲ್ಲರೂ ಒಂದೇ ಅಭಿಪ್ರಾಯಕ್ಕೆ ಬಂದಿರುತ್ತೇವೆ. ಇಲ್ಲವೆ ಬಂದಂತೆ ನಟಿಸಿ, ಕಾಫಿ ಕುಡಿದು ಏಳುತ್ತೇವೆ. ಕಳೆದ ತಿಂಗಳು ಮಾತ್ರ ಹಾಗಾಗಲಿಲ್ಲ. ಕಾಫಿ ಆರಿತು, ಕತ್ತಲಾಯಿತು, ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ತಮ್ಮ ಕೊಡೆಯನ್ನು ಮರೆತು ಹೊರಟುಹೋದರು. ಇಷ್ಟಕ್ಕೆಲ್ಲ ಕಾರಣ ಒಂದು ಪತ್ತೇದಾರಿ ಕಾದಂಬರಿಯೆಂದರೆ ಓದುಗರು ನಗಬಹುದು.

ಕಾದಂಬರಿಯ ಹೆಸರು ‘ಗಾಡಿ ನೈಟ್’. ಬರೆದಾಕೆ ಇಂಗ್ಲೆಂಡಿನ ಡೊರೊಥಿ ಸೇಯರ್ಸ್, ಪ್ರಕಟವಾದದ್ದು 1935ರಲ್ಲಿ. ಹೆಸರನ್ನು ಕೇಳಿದೊಡನೆ ಇದು ಎತ್ತಿನ ಗಾಡಿಗೆ ಸಂಬಂಧಪಟ್ಟದ್ದೆಂದು ನಮ್ಮ ಕೂಟದ ವಕೀಲರು ತಿಳಿದಿದ್ದರಂತೆ. ಹಳೆಯ ವಿದ್ಯಾರ್ಥಿಗಳು ವರ್ಷಗಳ ಮೇಲೆ ಕಾಲೇಜಿಗೆ ಮರಳಿ ಬಂದು ಕಲೆಯುವ ಔತಣಕ್ಕೆ ಆಕ್ಸ್‌ಫರ್ಡಿನಲ್ಲಿ ಈ ಹೆಸರು. ಸಂತೋಷವೆಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಈ ಪುಸ್ತಕವನ್ನು ಸೂಚಿಸಿದವರು ನಮ್ಮ ಕಾಲೇಜಿನ ಗಣಿತದ ಅಧ್ಯಾಪಕಿ. ಪತ್ತೇದಾರಿಯಂಥ ಹಗುರವಾದ ಸಾಹಿತ್ಯಕ್ಕೆ ಕೂಟದಲ್ಲಿ ಸ್ಥಾನವೇಕೆ ಎಂದು ಮೊದಲು ಆಕ್ಷೇಪಿಸಿದವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹಾಗೆಂದು ನಾನು ಆ ಬಗೆಯ ಪುಸ್ತಕಗಳನ್ನು ಓದದವನಲ್ಲ. ನಮ್ಮ ತಂದೆಯವರ ಟ್ರಂಕಿನಲ್ಲಿ ಎನ್. ನರಸಿಂಹಯ್ಯನವರ ಕಾದಂಬರಿಗಳು ಇದ್ದುವು. ಪತ್ತೇದಾರ ಪುರುಷೋತ್ತಮನ ಹಿಂದೆ ಬೀದಿ ಬೀದಿ ಅಲೆಯುತ್ತ ಕನ್ನಡವನ್ನು ವೇಗವಾಗಿ ಓದಲು ಕಲಿತ ಲಕ್ಷಾಂತರ ಮಂದಿಯಲ್ಲಿ ನಾನೂ ಒಬ್ಬ. ಎಂ.ಎ. ಆದ ಮೇಲೆ ಅದನ್ನು ಹೇಳಿಕೊಳ್ಳುವುದನ್ನು ಬಿಟ್ಟೆ, ಅಷ್ಟೆ. ಆದರೆ ಪತ್ತೇದಾರನೆಂದರೆ ಗಂಡಸೇ ಎಂಬುದು ಆಗಲೇ ನನ್ನ ಮನಸ್ಸಿನಲ್ಲಿ ಬೇರೂರಿತ್ತು.

ಸೇಯರ್ಸಳಿಗೆ ಹಾಗೆ ಬೇರೂರಿರಲಿಲ್ಲ. ಆಕೆ ಹುಟ್ಟಿದ್ದು 1893ರಲ್ಲಿ, ಆಕ್ಸ್‌ಫರ್ಡಿನಲ್ಲಿಯೇ. ಅಲ್ಲಿನ ಸಾಮರ್‌ವಿಲ್ ಎಂಬ ಸ್ತ್ರೀಯರ ಕಾಲೇಜಿನಲ್ಲಿ ಓದಿ 1915ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ಆದರೆ ಪದವಿ ಸಿಕ್ಕಲಿಲ್ಲ; ಏಕೆಂದರೆ ಸ್ತ್ರೀಯರು ಪರೀಕ್ಷೆ ಬರೆಯಬಹುದಾಗಿದ್ದಿತೇ ಹೊರತು ಪದವಿ ಪಡೆಯುವಂತಿರಲಿಲ್ಲ. 1920ರಲ್ಲಿ ಆಕ್ಸ್‌ಫರ್ಡ್ ಆ ಬಾಗಿಲನ್ನು ತೆರೆದಾಗ ಮೊದಲ ತಂಡದಲ್ಲಿ ಪದವಿ ಸ್ವೀಕರಿಸಿದವರಲ್ಲಿ ಆಕೆಯೂ ಒಬ್ಬಳು. ಐದು ವರ್ಷ ಕಾದು ಪಡೆದ ಆ ಕಾಗದದ ಬೆಲೆ ಎಷ್ಟೆಂಬುದನ್ನು ತಿಳಿಯದೆ ‘ಗಾಡಿ ನೈಟ್’ ಅರ್ಥವಾಗುವುದಿಲ್ಲವೆಂದು ನನಗೆ ತೋರುತ್ತದೆ.

ಸ್ತ್ರೀಯರನ್ನು ಪತ್ತೆಯ ಕೆಲಸಕ್ಕೆ ಹಚ್ಚುವುದನ್ನು ಆಕೆ ಅದಕ್ಕೂ ಮೊದಲೇ ಪ್ರಾರಂಭಿಸಿದ್ದಳು. 1927ರ ‘ಅನ್‌ನ್ಯಾಚುರಲ್ ಡೆತ್’ನಲ್ಲಿ ಮಿಸ್ ಕ್ಲಿಂಪ್ಸನ್ ಎಂಬ ನಡುವಯಸ್ಸು ದಾಟಿದ ಅವಿವಾಹಿತೆ ಬರುತ್ತಾಳೆ. ನೆರೆಹೊರೆಯ ಸುದ್ದಿಯನ್ನು ಹೆಕ್ಕುವ ಆಕೆಯ ಅಭ್ಯಾಸವನ್ನು ಊರು ಹಾಸ್ಯ ಮಾಡಿದರೆ, ಕಥಾನಾಯಕ ಲಾರ್ಡ್ ಪೀಟರ್ ವಿಮ್ಸೆ ಅದಕ್ಕೆ ಸಂಬಳ ಕೊಡುತ್ತಾನೆ. 1930ರ ‘ಸ್ಟ್ರಾಂಗ್ ಪಾಯ್ಸನ್’ನಲ್ಲಿ ಆಕೆಯ ಕೈಕೆಳಗೆ ಇಂಥ ಸ್ತ್ರೀಯರ ಒಂದು ಕಚೇರಿಯೇ ಇದೆ. ಅವರಲ್ಲಿ ಮಿಸ್ ಮರ್ಚಿಸನ್ ಎಂಬಾಕೆ, ಕಳ್ಳತನ ಬಿಟ್ಟು ಸಾಧುವಾದ ಒಬ್ಬ ಹಳೆಯ ಕಳ್ಳನಿಂದ ಬೀಗ ತೆಗೆಯುವ ವಿದ್ಯೆಯನ್ನು ಕಲಿತು, ವಕೀಲನೊಬ್ಬನ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿ ಅವನ ಗುಟ್ಟನ್ನು ಹೊರಗೆಡಹುತ್ತಾಳೆ. ಇನ್ನೊಂದು ವಿನೋದವನ್ನೂ ಹೇಳಬೇಕು. 1930ರಲ್ಲಿ ಲಂಡನ್ನಿನ ಪತ್ತೇದಾರಿ ಲೇಖಕರು ಕೂಡಿ ಒಂದು ಸಂಘವನ್ನು ಕಟ್ಟಿಕೊಂಡರು. ಸದಸ್ಯರಾಗುವವರು ಪ್ರಮಾಣ ಮಾಡಬೇಕಾಗಿದ್ದಿತು: ತಮ್ಮ ಪತ್ತೇದಾರರು ದೈವವಾಣಿಯಿಂದಾಗಲಿ, ಮಂತ್ರತಂತ್ರದಿಂದಾಗಲಿ, ಹೆಂಗಸಿನ ಒಳಗರಿವಿನಿಂದಾಗಲಿ ಅಪರಾಧಿಯನ್ನು ಹಿಡಿಯಕೂಡದು! ಸೇಯರ್ಸ್ ಆ ಸಂಘದ ಸದಸ್ಯೆ ಮಾತ್ರವಲ್ಲ, 1949ರಿಂದ 1957ರಲ್ಲಿ ತೀರಿಕೊಳ್ಳುವವರೆಗೆ ಅಧ್ಯಕ್ಷಿಣಿಯೂ ಆಗಿದ್ದಳು. ಆಕೆಯ ಸ್ತ್ರೀಯರು ಹಿಡಿಯುವುದೆಲ್ಲ ಸಾಕ್ಷ್ಯದಿಂದಲೇ, ಬುದ್ಧಿಯಿಂದಲೇ.

ಇನ್ನು ಕಥೆ. ಹ್ಯಾರಿಯಟ್ ವೇನ್ ಸ್ವತಃ ಪತ್ತೇದಾರಿ ಕಾದಂಬರಿಗಳನ್ನು ಬರೆದು ಬದುಕುವವಳು. ಹಿಂದೊಮ್ಮೆ ತನ್ನ ಪ್ರಿಯಕರನ ಕೊಲೆಯ ಆರೋಪ ಹೊತ್ತು ನ್ಯಾಯಾಲಯದಲ್ಲಿ ನಿಂತು, ವಿಮ್ಸೆಯ ಪ್ರಯತ್ನದಿಂದ ಬಿಡುಗಡೆಯಾದವಳು. ಹಳೆಯ ವಿದ್ಯಾರ್ಥಿನಿಯರ ಔತಣಕ್ಕೆಂದು ತಾನು ಓದಿದ ಶ್ರೂಸ್‌ಬರಿ ಕಾಲೇಜಿಗೆ ಬರುತ್ತಾಳೆ. (ಇದು ಕಲ್ಪಿತ ಕಾಲೇಜು. ಅದನ್ನು ಬೇಲಿಯಲ್ ಕಾಲೇಜಿನ ಕ್ರಿಕೆಟ್ ಮೈದಾನದ ಮೇಲೆ ಕಟ್ಟಿದ್ದಕ್ಕಾಗಿ ಲೇಖಕಿ ಕ್ಷಮೆ ಬೇಡಿದ್ದಾಳೆ.) ಬಳಿಕ ಅಲ್ಲಿ ಹೊಲಸು ಚಿತ್ರಗಳು, ಸಹಿಯಿಲ್ಲದ ವಿಷದ ಪತ್ರಗಳು ಹರಿದಾಡತೊಡಗುತ್ತವೆ. ಯಾರೋ ಅಧ್ಯಾಪಕಿಯರ ಗೌನುಗಳನ್ನು ಸುಡುತ್ತಾರೆ. ಹೊಸ ಗ್ರಂಥಾಲಯವನ್ನು ಹಾಳುಗೆಡವುತ್ತಾರೆ. ಮಿಸ್ ಲಿಡ್‌ಗೇಟ್ ಎಂಬ ವೃದ್ಧ ವಿದುಷಿ ವರ್ಷಗಟ್ಟಲೆ ತಿದ್ದಿದ ಛಂದಸ್ಸಿನ ಗ್ರಂಥದ ಕರಡಚ್ಚನ್ನು ಕೆಡಿಸುತ್ತಾರೆ. ಒಬ್ಬ ವಿದ್ಯಾರ್ಥಿನಿ ಆ ಪತ್ರಗಳ ಪೀಡೆಗೆ ನೊಂದು ನದಿಯಲ್ಲಿ ಪ್ರಾಣ ಕಳೆದುಕೊಳ್ಳುವಷ್ಟರಲ್ಲಿ ಉಳಿಯುತ್ತಾಳೆ. ಪೋಲೀಸರಿಗೆ ತಿಳಿಸಿದರೆ ಪತ್ರಿಕೆಗಳಿಗೆ ಹಬ್ಬ: ಓದಿದ ಹೆಂಗಸರು ಕೂಡಿದರೆ ಆಗುವುದು ಇಷ್ಟೇ ಎಂದು ಲೋಕ ನಗುತ್ತದೆ. ಅದಕ್ಕಾಗಿ ಹ್ಯಾರಿಯಟ್, ಲೆ ಫಾನು ಎಂಬ ಹಳೆಯ ಲೇಖಕನ ಬಗ್ಗೆ ಸಂಶೋಧನೆ ಮಾಡುವ ನೆಪದಲ್ಲಿ ಕಾಲೇಜಿನಲ್ಲಿಯೇ ನೆಲೆಸಿ ಪತ್ತೆಗೆ ತೊಡಗುತ್ತಾಳೆ.

ಛಂದಸ್ಸಿನ ಕರಡಚ್ಚು ಹಾಳಾದ ಪ್ರಕರಣವನ್ನು ಓದುವಾಗ ನನ್ನ ಎದೆ ಹೊಡೆದುಕೊಂಡಷ್ಟು ಬೇರೆ ಯಾವ ಕಾದಂಬರಿಯ ಕೊಲೆಗೂ ಹೊಡೆದುಕೊಂಡಿದ್ದಿಲ್ಲ. ಕನ್ನಡದ ಮೇಷ್ಟರಲ್ಲದವರಿಗೆ ಇದು ತಿಳಿಯಲಾರದು.

“ಹೆಣವೇ ಬೀಳದ ಮೇಲೆ ಇದೆಂಥ ಪತ್ತೇದಾರಿ?” ಎಂದರು ವಕೀಲರು. ಹೆಣಕ್ಕಾಗಿ ಇನ್ನೂರು ಪುಟ ಕಾದರಂತೆ. ಮುಖ್ಯೋಪಾಧ್ಯಾಯರ ದೂರು ಬೇರೆ: ಕಥೆಗಿಂತ ಹರಟೆ ಹೆಚ್ಚು, ಹರಟೆಗಿಂತ ಉದ್ಧರಣೆ ಹೆಚ್ಚು. ಇವರಿಬ್ಬರೂ ಒಂಟಿಯಲ್ಲ. ಇಂಗ್ಲಿಷ್ ವಿಮರ್ಶಕ ಜೂಲಿಯನ್ ಸೈಮನ್ಸ್ ಪತ್ತೇದಾರಿ ಸಾಹಿತ್ಯದ ಚರಿತ್ರೆಯನ್ನು 1972ರಲ್ಲಿ ಬರೆದಾಗ ಇದನ್ನು ಬೇಸರ ಹಿಡಿಸುವ ಮಾತಿನ ಹೆಂಗಸರ ಕಾದಂಬರಿಯೆಂದು ತಳ್ಳಿಹಾಕಿದ. ಜಾರ್ಜ್ ಆರ್ವೆಲ್ 1936ರಲ್ಲಿಯೇ ವಿಮ್ಸೆಯ ಶ್ರೀಮಂತ ವಂಶದ ಮೇಲೆ ಲೇಖಕಿಗಿರುವ ಮೋಹವನ್ನು ಗೇಲಿ ಮಾಡಿದ್ದ. ಎಲ್ಲಕ್ಕಿಂತ ಕಠಿಣವಾದ ಪೆಟ್ಟು ಕೊಟ್ಟವಳು ಒಬ್ಬ ವಿದುಷಿಯೇ: 1937ರಲ್ಲಿ ಕ್ಯೂ. ಡಿ. ಲೀವಿಸ್ ‘ಸ್ಕ್ರೂಟಿನಿ’ಯಲ್ಲಿ, ವಿಶ್ವವಿದ್ಯಾನಿಲಯಗಳು ಇಲ್ಲಿ ಚಿತ್ರಿಸಿದಷ್ಟು ಪವಿತ್ರವಾದ ಸ್ಥಳಗಳೇ ಅಲ್ಲವೆಂದು ವಾದಿಸಿದಳು. ಇದನ್ನೋದಿ ನಾನು ನಕ್ಕೆನೆಂದರೆ ನಮ್ಮ ಸಹೋದ್ಯೋಗಿಗಳು ಕ್ಷಮಿಸಬೇಕು. ಇನ್ನೊಂದು ಪಕ್ಷದಲ್ಲಿ ಪಿ. ಡಿ. ಜೇಮ್ಸ್ ಇದ್ದಾಳೆ, ಗಂಭೀರವಾದ ಕಾದಂಬರಿಯನ್ನೂ ಪತ್ತೇದಾರಿಯನ್ನೂ ಬೆಸೆಯಬಹುದೆಂಬುದಕ್ಕೆ ಈ ಪುಸ್ತಕವನ್ನು ಆಕೆ ಆದರದಿಂದ ಎತ್ತಿ ತೋರಿಸುತ್ತಿದ್ದಳು. ಆಕೆಯೇ 1972ರಲ್ಲಿ ಕಾರ್ಡೀಲಿಯ ಗ್ರೇ ಎಂಬ ತರುಣಿಯನ್ನು ಕೇಂಬ್ರಿಜ್ಜಿಗೆ ಪತ್ತೆಗೆ ಕಳಿಸಿದವಳು.

ನಮ್ಮ ಕೂಟದ ಕಿರಿಯ ಸದಸ್ಯೆ, ಎಂ.ಎ. ಓದುತ್ತಿರುವ ಹುಡುಗಿ, ಎತ್ತಿದ ಆಕ್ಷೇಪ ಮಾತ್ರ ನನಗೆ ತೂಕದ್ದೆನಿಸಿತು. “ಇಷ್ಟೆಲ್ಲ ಮಾಡಿ ಕೊನೆಗೆ ಗುಟ್ಟು ಬಿಡಿಸಲು ಗಂಡಸೇ ಬರಬೇಕಾಯಿತಲ್ಲ, ಸರ್?” ಎಂದಳು. ನಿಜ. ಹ್ಯಾರಿಯಟ್ ತಿಂಗಳುಗಟ್ಟಲೆ ಕೂಡಿಹಾಕಿದ ಟಿಪ್ಪಣಿಗಳನ್ನು ಓದಿ ಅಪರಾಧಿಯನ್ನು ಗುರುತಿಸುವವನು ವಿಮ್ಸೆ. ಗಣಿತದ ಅಧ್ಯಾಪಕಿ ಇದಕ್ಕೆ ಒಡನೆಯೇ ಉತ್ತರಿಸಿದರು: “ಲೆಕ್ಕಕ್ಕೆ ಬೇಕಾದ್ದೆಲ್ಲ ಅವಳ ಪುಸ್ತಕದಲ್ಲೇ ಇತ್ತಮ್ಮ. ಉತ್ತರ ಏಕೆ ಬರಲಿಲ್ಲ ಅಂದರೆ, ಅವಳು ಮೊದಲೇ ಒಂದು ಉತ್ತರಕ್ಕೆ ಹೆದರಿದ್ದಳು.” ಮದುವೆಯಿಲ್ಲದೆ ಪುಸ್ತಕಗಳ ನಡುವೆ ಬಾಳುವ ಹೆಂಗಸರ ಬುದ್ಧಿ ಕೆಡುತ್ತದೆಯೆಂಬ ಲೋಕದ ಮಾತನ್ನು ಹ್ಯಾರಿಯಟ್ ಹೊರಗೆ ತಿರಸ್ಕರಿಸುತ್ತಾಳೆ, ಒಳಗೆ ನಂಬುತ್ತಾಳೆ. ಆದ್ದರಿಂದ ಆಕೆಯ ಸಂಶಯವೆಲ್ಲ ಅಧ್ಯಾಪಕಿಯರ ಮೇಲೆಯೇ ಸುತ್ತುತ್ತದೆ. ಒಂದು ಪತ್ರದಲ್ಲಿ ವರ್ಜಿಲನ ಲ್ಯಾಟಿನ್ ಸಾಲುಗಳಿದ್ದದ್ದು ಆ ಭ್ರಮೆಯನ್ನು ಇನ್ನಷ್ಟು ಬಿಗಿಮಾಡುತ್ತದೆ. ಹುಡುಗಿ ಪೂರ್ತಿ ಒಪ್ಪಲಿಲ್ಲ. ನಾನೂ ಪೂರ್ತಿ ಒಪ್ಪಿದ್ದೇನೆನ್ನಲಾರೆ. ಆದರೂ ಪತ್ತೆಗಾರ್ತಿಯ ಕಣ್ಣಿಗೆ ಅಡ್ಡ ಬಂದದ್ದು ಅವಳದೇ ಪೂರ್ವಗ್ರಹವೆಂಬುದು, ಯಾವ ಪುರುಷೋತ್ತಮನಿಗೂ ಒದಗದ ತೊಡಕು.

ಅಪರಾಧಿಯಾರೆಂಬುದನ್ನು ಹೇಳದೆ ಮುಂದಿನ ಮಾತು ಸಾಗುವಂತಿಲ್ಲ. ಕಾದಂಬರಿಯನ್ನು ಓದಬೇಕೆಂದಿರುವವರು ಇಲ್ಲಿಗೇ ನಿಲ್ಲಿಸಬಹುದು.

ಅಪರಾಧಿ ಆನಿ, ಕಾಲೇಜಿನ ಕೆಲಸದವಳು, ಇಬ್ಬರು ಹೆಣ್ಣುಮಕ್ಕಳ ತಾಯಿ, ವಿಧವೆ. ಆಕೆಯ ಗಂಡ ಒಬ್ಬ ವಿದ್ವಾಂಸ. ತನ್ನ ಸಂಶೋಧನ ಪ್ರಬಂಧದ ವಾದವನ್ನು ಮುರಿಯುವಂಥ ಒಂದು ಹಳೆಯ ಪತ್ರವನ್ನು ಕಂಡೂ ಅದನ್ನು ಮರೆಮಾಡಿದ. ಮಿಸ್ ಡಿ ವೈನ್ ಎಂಬ ಇತಿಹಾಸಜ್ಞೆ ಅದನ್ನು ಹೊರಗೆಳೆದಳು. ಅವನ ಪದವಿ ಹೋಯಿತು, ಉದ್ಯೋಗ ಹೋಯಿತು, ಕುಡಿತ ಹತ್ತಿತು. ಕೊನೆಗೆ ಪ್ರಾಣವನ್ನೂ ತೆಗೆದುಕೊಂಡ. ವರ್ಜಿಲನ ಆ ಸಾಲುಗಳು ಅವನ ಕೊನೆಯ ಪತ್ರದವು. ಅದೇ ಡಿ ವೈನ್ ಈಗ ಶ್ರೂಸ್‌ಬರಿಗೆ ಬಂದಿದ್ದಾಳೆ. ಅಧ್ಯಾಪಕಿಯರೆಲ್ಲ ಕುಳಿತ ಸಭೆಯಲ್ಲಿ ಆನಿ ಸಿಡಿಯುತ್ತಾಳೆ: ಯಾರಿಗೂ ಬೇಡವಾದ ಒಂದು ಕಾಗದಕ್ಕಾಗಿ ನೀವು ನನ್ನ ಗಂಡನನ್ನು ಕೊಂದಿರಿ, ನನ್ನ ಮಕ್ಕಳ ಅನ್ನ ಕಿತ್ತುಕೊಂಡಿರಿ, ಗಂಡಸರ ಕೆಲಸ ಕಸಿದುಕೊಂಡು ಇಲ್ಲಿ ಕುಳಿತಿದ್ದೀರಿ. ಡಿ ವೈನ್ ತಾನು ಮಾಡಿದ್ದು ತಪ್ಪೆಂದು ಎಲ್ಲಿಯೂ ಹೇಳುವುದಿಲ್ಲ. ಆದರೆ ಆಮೇಲೆ ಆ ಸಂಸಾರ ಏನಾಯಿತೆಂದು ವಿಚಾರಿಸದೆ ಹೋದದ್ದಕ್ಕೆ ತನ್ನನ್ನು ತಾನು ದೂಷಿಸಿಕೊಳ್ಳುತ್ತಾಳೆ.

ಕೂಟ ಎರಡು ಭಾಗವಾದದ್ದು ಇಲ್ಲಿ. “ಒಂದು ಹಳೆಯ ಕಾಗದ ದೊಡ್ಡದೋ, ಒಂದು ಸಂಸಾರ ದೊಡ್ಡದೋ?” ಎಂದು ಮುಖ್ಯೋಪಾಧ್ಯಾಯರು ಮೇಜು ಗುದ್ದಿದರು. “ಆ ಕಾಗದ ಇಲ್ಲದ ಇತಿಹಾಸವನ್ನು ನೀವು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಡುತ್ತಿದ್ದಿರಾ, ಸರ್?” ಎಂದರು ಗಣಿತದವರು. ವಕೀಲರು, ಎಲ್ಲರೂ ಆಶ್ಚರ್ಯಪಡುವಂತೆ, ಡಿ ವೈನಳ ಪಕ್ಷ ಹಿಡಿದರು; ದಾಖಲೆ ಮುಚ್ಚಿಟ್ಟವನನ್ನು ತಾವು ಕಂಡಷ್ಟು ಬೇರೆ ಯಾರೂ ಕಂಡಿಲ್ಲವೆಂದರು. ಹುಡುಗಿ ಅತ್ತಳೋ ಏನೋ, ಮುಖ ತಿರುಗಿಸಿಕೊಂಡಿದ್ದಳು. ಆಕೆಯ ತಾಯಿ ಒಂದು ವಿದ್ಯಾರ್ಥಿನಿಲಯದಲ್ಲಿ ಅಡುಗೆ ಕೆಲಸದವರೆಂಬುದು ಆಗ ನನಗೆ ನೆನಪಾಯಿತು. ಆನಿಯ ಮಾತಿನಲ್ಲಿರುವ ಕೋಪಕ್ಕೆ ಲೇಖಕಿ ಉತ್ತರ ಕೊಟ್ಟಿದ್ದಾಳೆ. ಆಕೆಯ ಬಡತನಕ್ಕೆ ಕೊಟ್ಟಂತಿಲ್ಲ. ಪುಸ್ತಕದ ದೊಡ್ಡ ಕೊರತೆಯೆಂದು ನಾನು ಎಣಿಸುವುದು ಇದನ್ನೇ. ಹೆಣ ಬೀಳದೆ ಇದ್ದದ್ದನ್ನಲ್ಲ.

ನಾನು ಮಾತ್ರ ಆ ಸಂಜೆ ಬಾಯಿ ಬಿಡಲಿಲ್ಲ. ಹದಿನೈದು ವರ್ಷಗಳ ಹಿಂದೆ, ನನ್ನ ಗೆಳೆಯನೊಬ್ಬನ ಸಂಶೋಧನ ಪ್ರಬಂಧದ ಕರಡನ್ನು ನಾನು ತಿದ್ದಿಕೊಟ್ಟಿದ್ದೆ. ಹಳೆಗನ್ನಡದ ಒಬ್ಬ ಕವಿಯ ಕಾಲನಿರ್ಣಯ ಅದರ ವಿಷಯ. ಅವನ ಟಿಪ್ಪಣಿಗಳ ಕಟ್ಟಿನಲ್ಲಿ ಒಂದು ಶಾಸನದ ಪಾಠವಿತ್ತು. ಅದನ್ನು ಒಪ್ಪಿದರೆ ಅವನ ವಾದ ಅರ್ಧ ಶತಮಾನದಷ್ಟು ಜಾರಿ ಬೀಳುತ್ತಿತ್ತು. ಪ್ರಬಂಧದಲ್ಲಿ ಅದರ ಹೆಸರೇ ಇರಲಿಲ್ಲ. ಕೇಳಿದೆ. “ಅದೊಂದು ಶಾಸನ ಯಾರು ನೋಡುತ್ತಾರೆ ಮಾರಾಯ, ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಗಬೇಕು” ಎಂದ. ಮನೆಯಲ್ಲಿ ಹಸುಗೂಸು. ನಾನು ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿ ಕಟ್ಟನ್ನು ಹಿಂದಿರುಗಿಸಿದೆ. ಪ್ರಬಂಧ ಪುಸ್ತಕವಾಯಿತು. ಈಗ ನನ್ನ ವಿದ್ಯಾರ್ಥಿಗಳು ಆ ಕವಿಯ ಕಾಲವನ್ನು ಅವನು ಹೇಳಿದಂತೆಯೇ ಬರೆಯುತ್ತಾರೆ. ನಾನು ಕೆಂಪು ಶಾಯಿಯಲ್ಲಿ ಸರಿಯೆಂದು ಗುರುತು ಹಾಕುತ್ತೇನೆ.

ಕಾದಂಬರಿಯ ಕೊನೆಯಲ್ಲಿ ವಿಮ್ಸೆ ಹ್ಯಾರಿಯಟ್ಟಳನ್ನು ಮದುವೆಗೆ ಕೇಳುವುದು ಪದವಿಪ್ರದಾನದ ಲ್ಯಾಟಿನ್ ಮಾತಿನಲ್ಲಿ, ಒಬ್ಬ ವಿದ್ವಾಂಸ ಇನ್ನೊಬ್ಬ ವಿದುಷಿಯನ್ನು ಸಂಬೋಧಿಸುವ ರೀತಿಯಲ್ಲಿ. ಹುಡುಗಿಗೆ ಇದು ಹಿಡಿಸಿತು, ವಕೀಲರಿಗೆ ನಗು ಬಂತು. ಕೂಟ ಮುಗಿದ ಮೇಲೆ ಮುಖ್ಯೋಪಾಧ್ಯಾಯರ ಕೊಡೆಯನ್ನು ಕೈಯಲ್ಲಿ ಹಿಡಿದು ನಾನು ಬಾಗಿಲಲ್ಲಿ ನಿಂತಿದ್ದೆ. ಗಣಿತದ ಅಧ್ಯಾಪಕಿ ಚಪ್ಪಲಿ ಮೆಟ್ಟಿಕೊಳ್ಳುತ್ತ, “ನೀವೇನೂ ಹೇಳಲೇ ಇಲ್ಲವಲ್ಲ, ಸರ್” ಎಂದರು. ತಲೆನೋವೆಂದೆ.

ಸೋಮವಾರ ಗ್ರಂಥಾಲಯದಲ್ಲಿ ಆ ಶಾಸನಸಂಪುಟವನ್ನು ಕೇಳಿ ತೆಗೆಸಿದೆ. ಪುಟಗಳ ನಡುವೆ ನನ್ನ ಗೆಳೆಯನ ಅಕ್ಷರದ ಒಂದು ಚೀಟಿ ಇನ್ನೂ ಇದ್ದಿತು. ಬರುವ ವಾರ ಎರಡನೆಯ ವರ್ಷದವರಿಗೆ ಆ ಕವಿಯ ಪಾಠ ಪ್ರಾರಂಭವಾಗುತ್ತದೆ. ಅದಕ್ಕೆ ಮೊದಲು ಅವನಿಗೆ ಒಂದು ಕಾಗದ ಬರೆಯಬೇಕೆಂದು ಕುಳಿತಿದ್ದೇನೆ. ಅವನ ಮಗಳು ಈ ವರ್ಷ ಹತ್ತನೆಯ ತರಗತಿಯಲ್ಲಿದ್ದಾಳೆ.