ಉಪವಾಸ ಮತ್ತು ಮಧುಮೇಹ

ಏಕಾದಶಿಯ ನಿರಾಹಾರ, ರಂಜಾನ್ ತಿಂಗಳ ರೋಜಾ ನಮ್ಮ ದೇಶದಲ್ಲಿ ಬಹುಕಾಲದಿಂದ ಆಚರಣೆಯಲ್ಲಿವೆ. ತೂಕ ಇಳಿಸುವ ಸಲುವಾಗಿ ದಿನದ 16 ಗಂಟೆಗಳ ಕಾಲ ಆಹಾರವನ್ನು ವರ್ಜಿಸುವ ಕ್ರಮವೂ ಇತ್ತೀಚೆಗೆ ಪ್ರಚಾರದಲ್ಲಿದೆ.

ಆಹಾರ ದೊರೆಯದಾಗ ಯಕೃತ್ತು ತನ್ನಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ನನ್ನು ಸಕ್ಕರೆಯಾಗಿ ಮಾರ್ಪಡಿಸಿ ರಕ್ತಕ್ಕೆ ಒದಗಿಸುತ್ತದೆ. ಈ ಸಂಗ್ರಹವು ಕುಗ್ಗಿದಂತೆಲ್ಲ ದೇಹವು ಕೊಬ್ಬನ್ನು ಹೆಚ್ಚಾಗಿ ಬಳಸಿಕೊಳ್ಳುತ್ತದೆ. ಆದರೂ ತೂಕ ಇಳಿಯಲು ಮುಖ್ಯ ಕಾರಣ ಒಟ್ಟು ಆಹಾರದ ಪ್ರಮಾಣ ಕಡಿಮೆಯಾಗುವುದೇ ಆಗಿದೆ. ಚೀನಾದಲ್ಲಿ 139 ಮಂದಿ ಸ್ಥೂಲಕಾಯರ ಮೇಲೆ ಒಂದು ವರ್ಷ ಕಾಲ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಿತಾಹಾರವನ್ನಷ್ಟೇ ಪಾಲಿಸಿದವರಿಗೂ, ಅದರೊಡನೆ ಊಟದ ವೇಳೆಯನ್ನು 8 ಗಂಟೆಗಳಿಗೆ ಸೀಮಿತಗೊಳಿಸಿದವರಿಗೂ ತೂಕದ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳಿಗೆ ಉಪವಾಸವು ಅಪಾಯಕಾರಿಯಾಗಬಹುದು. ಊಟ ಬಿಟ್ಟರೂ ಔಷಧವು ರಕ್ತದ ಸಕ್ಕರೆಯನ್ನು ತಗ್ಗಿಸುತ್ತಲೇ ಇರುತ್ತದೆ. ನಡುಕ, ಬೆವರು, ಎದೆಬಡಿತ, ಮಂಕು ಕಾಣಿಸಿಕೊಂಡಲ್ಲಿ, ಅಥವಾ 100 ಮಿ.ಲೀ. ರಕ್ತದಲ್ಲಿ ಸಕ್ಕರೆಯು 70 ಮಿ.ಗ್ರಾಂ.ಗಿಂತ ಕೆಳಗಿಳಿದಲ್ಲಿ, ಕೂಡಲೇ ಉಪವಾಸ ಮುರಿದು ಮೂರು ಚಹಾ ಚಮಚ ಸಕ್ಕರೆ ಕದಡಿದ ನೀರನ್ನು ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಆದುದರಿಂದ ಮಧುಮೇಹಿಗಳು ಔಷಧವನ್ನು ತಾವಾಗಿಯೇ ನಿಲ್ಲಿಸದೆ, ಉಪವಾಸ ಕೈಗೊಳ್ಳುವ ಮೊದಲೇ ವೈದ್ಯರನ್ನು ಕಂಡು ಅದರ ಪ್ರಮಾಣ ಮತ್ತು ವೇಳೆಯನ್ನು ನಿಶ್ಚಯಿಸಿಕೊಳ್ಳುವುದು ಅತ್ಯಗತ್ಯ.