ಬೀಗ ತೆಗೆದ ಆಸ್ಪತ್ರೆ, ಊರಿಗೆ ಸಿಕ್ಕ ತೋಟ



ಒಂದು ದೊಡ್ಡ ಮಾನಸಿಕ ಆಸ್ಪತ್ರೆ ಮುಚ್ಚಿತು ಅಂತ ಇಟ್ಟುಕೊಳ್ಳಿ. ಆ ಜಾಗ, ಆ ಕಟ್ಟಡಗಳು ಏನಾಗಬೇಕು? ಇಟಲಿ ದೇಶದ ತ್ರಿಯೆಸ್ತೆ ಎಂಬ ಬಂದರು ಪಟ್ಟಣದಲ್ಲಿ ಇದಕ್ಕೆ ಸಿಕ್ಕ ಉತ್ತರದಲ್ಲಿ ನಮ್ಮ ಸಂಘಗಳಂಥದೇ ಒಂದು ಸಂಘದ ಪಾಲು ಇದೆ. ಅದಕ್ಕೇ ಇಲ್ಲಿ ಹೇಳುತ್ತಿದ್ದೇವೆ.

ಅಲ್ಲಿನ ಗುಡ್ಡದ ಮೇಲೆ ಸಾನ್ ಜೊವಾನ್ನಿ ಆಸ್ಪತ್ರೆ 1908ರಲ್ಲಿ ತೆರೆಯಿತು. 1971ರಲ್ಲಿ ಡಾ. ಫ್ರಾಂಕೊ ಬಸಾಲಿಯಾ ನಿರ್ದೇಶಕರಾಗಿ ಬಂದಾಗ ಒಳಗೆ ಸುಮಾರು 1,200 ಮಂದಿ ಇದ್ದರು. ಹೆಚ್ಚಿನವರನ್ನು ಅವರ ಇಷ್ಟ ಕೇಳದೆ ಕೂಡಿಹಾಕಿದ್ದು. ವಾರ್ಡು ಗುಡಿಸುವುದು, ಬಟ್ಟೆ ಒಗೆಯುವುದು, ಅಡುಗೆಮನೆ ಕೆಲಸ ಎಲ್ಲಾ ರೋಗಿಗಳೇ ಮಾಡುತ್ತಿದ್ದರು. ಅದಕ್ಕೆ 'ಚಿಕಿತ್ಸೆ' ಅಂತ ಹೆಸರು, ಹಾಗಾಗಿ ಸರಿಯಾದ ಕೂಲಿ ಇಲ್ಲ! ಮನೆಗೆಲಸಕ್ಕೆ ಕೂಲಿ ಏನು ಬಂತು ಅಂತ ಕೇಳಿಸಿಕೊಂಡ ನಮಗೆ ಇದು ಬೇಗ ಅರ್ಥವಾಗುತ್ತದೆ.

ಬಸಾಲಿಯಾ ಮತ್ತು ಜೊತೆಗಾರರು ಮಾಡಿದ್ದು ಇಷ್ಟು: ಕೆಲಸ ಮಾಡುವ ರೋಗಿಗಳನ್ನು ಸೇರಿಸಿ 1970ರ ದಶಕದ ಆರಂಭದಲ್ಲಿ ಒಂದು ಸಹಕಾರಿ ಸಂಘ ಕಟ್ಟಿದರು. ಅದೇ ಕಸಬರಿಕೆ, ಅದೇ ವಾರ್ಡು. ಆದರೆ ಈಗ ಗುತ್ತಿಗೆ ಸಂಘದ ಹೆಸರಲ್ಲಿ, ಸಂಬಳ ಕೈಯಲ್ಲಿ. ಸ್ವಂತ ದುಡ್ಡು ಕೈಗೆ ಬಂದ ಮೇಲೆ ಮನುಷ್ಯ ಅಂಗಡಿಗೆ ಹೋಗುತ್ತಾನೆ, ಬಾಡಿಗೆಗೆ ಕೋಣೆ ಕೇಳುತ್ತಾನೆ. ಎಲ್ಲೂ ಹೋಗಲು ಮನೆಯಿಲ್ಲದವರು 'ಅತಿಥಿ'ಗಳಾಗಿ ಅದೇ ಆವರಣದಲ್ಲಿ ಉಳಿದರು. ಅವರನ್ನು ಬೀದಿಗೆ ಬಿಡಲಿಲ್ಲ.

ಇನ್ನೊಂದು ಸಂಗತಿ. ಬಟ್ಟೆಯ ಗಾಡಿ ಎಳೆಯುತ್ತಿದ್ದ ಮುದಿ ಕುದುರೆಯ ಹೆಸರು ಮಾರ್ಕೊ. ಅದನ್ನು ಕಸಾಯಿಖಾನೆಗೆ ಕಳಿಸಬೇಡಿ ಅಂತ ರೋಗಿಗಳು ಅರ್ಜಿ ಬರೆದಿದ್ದರು. 1973ರಲ್ಲಿ ಮರ, ಕಾಗದದಿಂದ ದೊಡ್ಡ ನೀಲಿ ಕುದುರೆ ಮಾಡಿ, ಅದೇ ಹೆಸರಿಟ್ಟು, ಹೊಟ್ಟೆಯೊಳಗೆ ತಮ್ಮ ಆಸೆಗಳನ್ನು ತುಂಬಿದರು. ಕುದುರೆ ಬಾಗಿಲಿಗಿಂತ ದೊಡ್ಡದಾಯಿತು. ಬಾಗಿಲನ್ನೇ ಒಡೆದು ಮೆರವಣಿಗೆಯಲ್ಲಿ ಊರಿಗೆ ಹೊರಟರು!

1978ರ ಮೇ ತಿಂಗಳಲ್ಲಿ 180ನೇ ಕಾನೂನು ಬಂತು: ದೇಶದ ಮಾನಸಿಕ ಆಸ್ಪತ್ರೆಗಳನ್ನು ಹಂತಹಂತವಾಗಿ ಮುಚ್ಚಬೇಕು, ಊರಲ್ಲೇ ಚಿಕಿತ್ಸೆ ಸಿಗಬೇಕು. ಕಾನೂನು ಬಂದ ಕೂಡಲೇ ಎಲ್ಲಾ ಸರಿಹೋಗಲಿಲ್ಲ. ಊರಿನ ಕೇಂದ್ರಗಳು ತಯಾರಾಗದ ಕಡೆ ಹೊರೆ ಬಿದ್ದದ್ದು ಮನೆಯವರ ಮೇಲೆ, ಮನೆಯವರು ಅಂದರೆ ಹೆಚ್ಚಾಗಿ ತಾಯಂದಿರು. ತ್ರಿಯೆಸ್ತೆಯಲ್ಲಿ ಮೊದಲು ದಿನವಿಡೀ ತೆರೆದಿರುವ ಕೇಂದ್ರಗಳನ್ನು ಮಾಡಿ, ಆಮೇಲೆ 1980ರಲ್ಲಿ ಆಸ್ಪತ್ರೆ ಮುಚ್ಚಿದ್ದು. ಈ ಕ್ರಮವೇ ಮುಖ್ಯ ಅಂತ ನಮಗನಿಸುತ್ತದೆ.

ಖಾಲಿಯಾದ ಕಟ್ಟಡಗಳನ್ನು ಮಾರಲಿಲ್ಲ. ಕಾಲಕ್ರಮೇಣ ಆರೋಗ್ಯ ಇಲಾಖೆಯ ಕಚೇರಿಗಳು, ವಿಶ್ವವಿದ್ಯಾಲಯದ ವಿಭಾಗಗಳು, ಶಾಲೆ, ನಾಟಕಶಾಲೆ ಅಲ್ಲಿಗೆ ಬಂದವು. ಸಹಕಾರಿಯವರು ಹೋಟೆಲು ನಡೆಸಿದರು. ಆವರಣದಲ್ಲಿ ಸಾವಿರಾರು ಗುಲಾಬಿ ಗಿಡಗಳ ತೋಟ ಎದ್ದಿತು. ಊರಿನವರು ಈಗ ಅಲ್ಲಿ ತಿರುಗಾಡಲು ಬರುತ್ತಾರೆ, ಯಾರ ಅಪ್ಪಣೆಯೂ ಬೇಡ.

ಆ ಸಣ್ಣ ಸಹಕಾರಿಯ ದಾರಿಯಲ್ಲಿ ಇಟಲಿಯ ಬೇರೆ ಊರುಗಳಲ್ಲೂ ಸಂಘಗಳು ಹುಟ್ಟಿದವು. 1991ರ ಕಾನೂನು ಇವಕ್ಕೆ ಮಾನ್ಯತೆ ಕೊಟ್ಟಿತು: ಇಂಥ ದುಡಿಮೆಯ ಸಂಘದಲ್ಲಿ ಕೆಲಸಗಾರರ ಪೈಕಿ ಕನಿಷ್ಠ ಶೇಕಡಾ 30 ಮಂದಿ ಮಾನಸಿಕ ಕಾಯಿಲೆ, ಅಂಗವೈಕಲ್ಯ ಮುಂತಾದ ಕಷ್ಟದಲ್ಲಿರುವವರೇ ಆಗಿರಬೇಕು. ಆರೋಗ್ಯಕ್ಕೆ ಅಡ್ಡಿಯಿಲ್ಲದಿದ್ದರೆ ಅವರು ಬರೀ ಕೂಲಿಯವರಲ್ಲ, ಸಂಘದ ಸದಸ್ಯರೂ ಆಗಬೇಕು.